ಬಿರುಕಿಗೆ ಸಿಮೆಂಟು ಮೆತ್ತುವ ಮೊದಲು

ತಂಗೀ, ನೀನು ಕಳಿಸಿದ ಫೋಟೊಗಳನ್ನು ದೊಡ್ಡದು ಮಾಡಿ ಮಾಡಿ ನೋಡಿದೆ. ಮನೆ ಬೀಳುವ ಲಕ್ಷಣ ಇವುಗಳಲ್ಲಿ ಕಾಣುವುದಿಲ್ಲ, ನಿದ್ದೆ ಕೆಡಿಸಿಕೊಳ್ಳಬೇಡ. ಆದರೆ ನಾಳೆಯೇ ಗೌಂಡಿಯನ್ನು ಕರೆಸಿ ಬಿರುಕಿಗೆ ಸಿಮೆಂಟು ತುಂಬಿಸುತ್ತೇನೆ ಅಂದೆಯಲ್ಲ, ಅದೊಂದು ಮಾಡಬೇಡ. ಈಗ ಕಡುಬೇಸಿಗೆ, ಬಿರುಕು ಅತಿ ಅಗಲವಾಗಿರುವ ಹೊತ್ತು. ಈಗ ಗಟ್ಟಿ ಸಿಮೆಂಟು ತುಂಬಿದರೆ, ಮಳೆಗಾಲದಲ್ಲಿ ನೆಲ ಉಬ್ಬಿ ಬಿರುಕು ಮುಚ್ಚಿಕೊಳ್ಳಲು ಬಂದಾಗ ಅದು ಅಡ್ಡ ನಿಲ್ಲುತ್ತದೆ, ಗೋಡೆ ಮತ್ತೊಂದು ಕಡೆ ಸೀಳುತ್ತದೆ.

ನಿನ್ನ ಪ್ಲಾಟು ಎನ್‌.ಎ. ಆಗುವ ಮೊದಲು ಹಿಂಗಾರಿ ಜೋಳ, ಕಡಲೆ ಬೆಳೆಯುತ್ತಿದ್ದ ಎರೆಹೊಲ. ವಿಜಯಪುರದ ಕಡೆ ಬಸಾಲ್ಟ್ ಕಲ್ಲು ಸವೆದು ಕರಗಿ ಆದ ಮಣ್ಣು ಇದು. ಇದರಲ್ಲಿ ಮಾಂಟ್‌ಮೊರಿಲೊನೈಟ್ ಎಂಬ ಜೇಡಿ ಹೇರಳ. ಅದರ ಪದರುಗಳ ನಡುವೆ ನೀರು ಹೊಕ್ಕರೆ ಹಿಗ್ಗುತ್ತದೆ, ನೀರು ಹೋದರೆ ಕುಗ್ಗುತ್ತದೆ. ಬೇಸಿಗೆಯಲ್ಲಿ ಹೊಲ ಬಿರಿದಾಗ ಅಂಗೈ ಇಳಿಯುವಷ್ಟು ಸಂದು ಬೀಳುವುದನ್ನು ನೀನು ಸಣ್ಣವಳಿದ್ದಾಗಲೇ ನೋಡಿದ್ದೀ. ಮನೆ ಕಟ್ಟಿದ ಮಾತ್ರಕ್ಕೆ ಮಣ್ಣು ತನ್ನ ಗುಣ ಬಿಡುವುದಿಲ್ಲ. ಭಾರವಾದ ಕಟ್ಟಡವಾದರೆ ಉಬ್ಬನ್ನು ಸ್ವಲ್ಪ ತುಳಿದು ಹಿಡಿಯುತ್ತದೆ. ನಿನ್ನದು ಒಂದೇ ಅಂತಸ್ತಿನ ಹಗುರ ಮನೆ, ನಾಲ್ಕಡಿ ಆಳದ ಕಲ್ಲಿನ ಪಾಯ. ಅದನ್ನು ಎರೆ ಸಲೀಸಾಗಿ ಎತ್ತಿ ಇಳಿಸುತ್ತದೆ.

ಎಲ್ಲ ಬಿರುಕೂ ಪಾಯದ್ದಲ್ಲ. ಹಾಲ್‌ನ ಗಿಲಾವಿನ ಮೇಲೆ ಬಲೆಯ ಹಾಗೆ ಹರಡಿದ ಸಣ್ಣ ಗೆರೆಗಳು ಗಿಲಾವು ಒಣಗಿದ್ದರಿಂದ ಬಂದವು. ಸ್ಲ್ಯಾಬಿನ ಕೆಳಗೆ ಅಡ್ಡಕ್ಕೆ ಓಡಿದ್ದು ಬಿಸಿಲಿಗೆ ಸ್ಲ್ಯಾಬು ಹಿಗ್ಗಿದ್ದರ ಗುರುತು. ನಾನು ನಿಂತು ನೋಡಿದ್ದು ಮಲಗುವ ಕೋಣೆಯದನ್ನು. ಕಿಟಕಿಯ ಮೂಲೆಯಿಂದ ಹೊರಟು ಇಟ್ಟಿಗೆಯ ಸಂದುಗುಂಟ ಮೆಟ್ಟಿಲು ಮೆಟ್ಟಿಲಾಗಿ ಇಳಿದಿದೆ, ಒಳಗೂ ಹೊರಗೂ ಒಂದೇ ಜಾಗದಲ್ಲಿದೆ, ಮೇಲೆ ಅಗಲ, ಕೆಳಗೆ ಸಪೂರ. ಮೇಲೆ ಅಗಲವೆಂದರೆ ಮನೆಯ ತುದಿ ಕುಸಿದಿದೆ ಇಲ್ಲವೇ ನಡುವು ಎದ್ದಿದೆ. ಕೆಳಗೆ ಅಗಲವಾಗಿದ್ದರೆ ನಡುವು ಕುಸಿದಿದೆ ಎನ್ನುತ್ತಿದ್ದೆ. ಆ ಕೋಣೆಯ ಬಾಗಿಲು ಈಚೆಗೆ ಚೌಕಟ್ಟಿಗೆ ಕಚ್ಚುತ್ತದೆ ಅಂದೆಯಲ್ಲ, ಅದೂ ಇದಕ್ಕೇ ಸಾಕ್ಷಿ.

ಕಾರಣ ನಿನ್ನ ಮೂರನೆಯ ಫೋಟೊದಲ್ಲೇ ಇದೆ. ಅಡುಗೆಮನೆಯ ಹಿಂದೆ ಪಾತ್ರೆ ತೊಳೆದ ನೀರು ಬಾಳೆಯ ಬುಡಕ್ಕೆ ಹರಿಯುತ್ತಿದೆ. ಬಾಳೆ ಗೋಡೆಯಿಂದ ಎರಡು ಗೇಣು ದೂರವೂ ಇಲ್ಲ, ಅಲ್ಲಿಯ ಗೋಡೆಗೆ ಮೊಣಕಾಲೆತ್ತರ ತೇವ ಏರಿದೆ. ಆ ಮೂಲೆ ವರ್ಷವಿಡೀ ಒದ್ದೆ, ಉಬ್ಬಿಯೇ ಇರುತ್ತದೆ. ಪಡುವಣ ಬಿಸಿಲು ಬೀಳುವ ಮಲಗುವ ಕೋಣೆಯ ಮೂಲೆ ಒಣಗಿ ಕುಗ್ಗಿದೆ. ನಡುವಿನ ಗೋಡೆ ಎಳೆತ ತಾಳದೆ ಬಿಟ್ಟುಕೊಂಡಿದೆ. ಎರೆಯಲ್ಲಿ ನೀರು ಹೆಚ್ಚಾಗಿದ್ದಕ್ಕಿಂತ, ಒಂದು ಕಡೆ ಹೆಚ್ಚು ಒಂದು ಕಡೆ ಕಡಿಮೆ ಆಗಿದ್ದೇ ಕೆಡಿಸುವುದು.

ಖಾತ್ರಿ ಮಾಡಿಕೊಳ್ಳಲು ಗೌಂಡಿಯ ಲೆವೆಲ್ ಪೈಪು ಸಾಕು. ಪೈಪಿನಲ್ಲಿ ನೀರು ತುಂಬಿ ನಾಲ್ಕೂ ಮೂಲೆಯ ಎತ್ತರ ಬರೆದಿಡು. ಬಿರುಕಿನ ಎರಡೂ ಬದಿಗೆ ಒಂದೊಂದು ಮೊಳೆ ಹೊಡೆದು, ಅವುಗಳ ನಡುವಿನ ಅಂತರವನ್ನು ತಿಂಗಳಿಗೊಮ್ಮೆ ಮಿಲಿಮೀಟರಿನಲ್ಲಿ ಅಳೆದು ಗೋಡೆಯ ಮೇಲೆಯೇ ತಾರೀಖು ಸಹಿತ ಪೆನ್ಸಿಲಿನಲ್ಲಿ ಗೀಚು. ಈ ಮಿರಗದ ಮಳೆಯಿಂದ ಬರುವ ಮಿರಗದವರೆಗೆ, ಒಂದು ಪೂರ್ತಿ ವರ್ಷ. ನಡುವೆ ಕಿರುಬೆರಳು ತೂರುವಷ್ಟಾದರೆ, ಸ್ಲ್ಯಾಬಿಗೋ ತೊಲೆಗೋ ಬಿರುಕು ಬಿದ್ದರೆ, ವರ್ಷ ಕಾಯಬೇಡ. ಸ್ಟ್ರಕ್ಚರಲ್ ಎಂಜಿನಿಯರರನ್ನು ಕರೆಸು. ಗುತ್ತಿಗೆದಾರರ ಮಾತಿಗೆ ಮಾತ್ರ ಹಣ ಸುರಿಯಬೇಡ.

ಅಳೆಯುತ್ತ ಕೂರುವುದಷ್ಟೇ ಅಲ್ಲ, ನೀರಿನ ವ್ಯವಸ್ಥೆ ಈಗಲೇ ಆಗಲಿ. ಅಡುಗೆಮನೆಯ ನೀರನ್ನು ಪೈಪಿನಲ್ಲಿ ಬೀದಿಯ ಗಟಾರಕ್ಕೆ ಒಯ್ಯಿ. ಮಾಳಿಗೆಯ ನೀರು ಗೋಡೆಯ ಬುಡದಲ್ಲಿ ಬೀಳದಿರಲಿ. ಇಂಗುಗುಂಡಿ ಮನೆಗೆ ಅಂಟಿಕೊಂಡಿದ್ದರೆ ದೂರ ಸರಿಸು. ಆಮೇಲೆ ಮನೆಯ ಸುತ್ತ ಐದಾರು ಅಡಿ ಅಗಲಕ್ಕೆ ಮೇಲಿನ ಎರೆ ತೆಗೆಸಿ, ಗರಸು ತುಂಬಿ, ಪದರು ಪದರಾಗಿ ಧಮ್ಮಸು ಮಾಡಿಸಿ, ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿ, ಅದರ ಮೇಲೆ ಹೊರಕ್ಕೆ ಇಳಿಜಾರಾದ ಕಾಂಕ್ರೀಟ್ ಹಾಕಿಸು. ಗೌಂಡಿಗಳು ಇದನ್ನು ಏಪ್ರನ್ ಎನ್ನುತ್ತಾರೆ. ಮಳೆ ಒಳಗಿಳಿಯದಂತೆ, ಬಿಸಿಲು ತೇವ ಹೀರದಂತೆ ಎರಡನ್ನೂ ತಡೆಯುತ್ತದೆ. ನಾಲ್ಕೂ ಬದಿ ಒಮ್ಮೆಲೇ ಅಗೆಯಬಾರದು, ಪಾಯದ ತಳದವರೆಗೆ ಹೋಗಲೇಬಾರದು. ಅಗ್ಗವೆಂದು ಮರಳು ತುಂಬಲು ಯಾರಾದರೂ ಹೇಳಿದರೆ ಒಪ್ಪಬೇಡ. ಮರಳಿನಲ್ಲಿ ನೀರು ನಿಂತು ಪಾಯದ ಕೆಳಗಿನ ಎರೆಗೆ ಊಡುತ್ತಲೇ ಇರುತ್ತದೆ. ಬಾಳೆಯನ್ನು ಕಿತ್ತು ದೂರ ನೆಡು. ಮನೆಯ ಹತ್ತಿರ ಬೇವಿನ ಮರವಿದ್ದರೆ ಕಡಿಯಬೇಡ, ಟೊಂಗೆ ಸವರಿಸು. ದೊಡ್ಡ ಮರ ಹೋದರೆ ಅದು ಹೀರುತ್ತಿದ್ದ ನೀರು ಮಣ್ಣಲ್ಲೇ ಉಳಿದು ಅಲ್ಲಿ ನೆಲ ಏಳುತ್ತದೆ.

ವರ್ಷದ ಅಳತೆಯಲ್ಲಿ ಓಡಾಟ ನಿಂತಿದೆ ಎಂದು ಕಂಡರೆ, ದೀಪಾವಳಿ ಸಂಕ್ರಾಂತಿಯ ನಡುವೆ ಬಿರುಕನ್ನು ಕೆತ್ತಿ ತೊಳೆದು, ಒಂದು ಸಿಮೆಂಟು, ಒಂದು ಸುಣ್ಣ, ಆರು ಉಸುಕಿನ ಗಾರೆ ತುಂಬಿಸು. ಸುಣ್ಣ ಬೆರೆತ ಗಾರೆ ಅಷ್ಟು ಬಿರುಸಲ್ಲ, ಸಣ್ಣ ಅಲುಗಾಟ ತಾಳಿಕೊಳ್ಳುತ್ತದೆ. ಆಗಲೂ ನಿಲ್ಲದಿದ್ದರೆ ಮಾತ್ರ ಪಾಯಕ್ಕೆ ಕೈ ಹಾಕುವ ಮಾತು. ತುಣುಕು ತುಣುಕಾಗಿ, ಒಂದು ಬಿಟ್ಟು ಒಂದು ಗುಂಡಿ ತೋಡಿ ಆಳಕ್ಕೆ ಆಧಾರ ಕೊಡುವ ದುಬಾರಿ ಕೆಲಸ ಅದು. ನಿನಗೆ ಅದು ಬೇಕಾಗಲಿಕ್ಕಿಲ್ಲ ಎಂದೇ ನನ್ನ ಅಂದಾಜು.

ನಿನ್ನ ಮೈದುನ ಪಕ್ಕದ ಪ್ಲಾಟು ಕೊಂಡಿದ್ದಾನಲ್ಲ, ಅವನಿಗೆ ಇನ್ನೂ ಸಮಯವಿದೆ. ಮೊದಲು ಮಣ್ಣು ಪರೀಕ್ಷೆ ಮಾಡಿಸಲಿ. ಲ್ಯಾಬಿನಲ್ಲಿ ತಲಾ 10 ಗ್ರಾಂ ಒಣಮಣ್ಣಿನ ಎರಡು ಪಾಲು ಮಾಡಿ, ಒಂದನ್ನು ನೀರಿಗೆ, ಒಂದನ್ನು ಸೀಮೆಎಣ್ಣೆಗೆ ಹಾಕಿ 24 ತಾಸು ಬಿಡುತ್ತಾರೆ. ಸೀಮೆಎಣ್ಣೆಯಲ್ಲಿ ಮಣ್ಣು ಉಬ್ಬುವುದಿಲ್ಲ. ನೀರಿನದು ಅದಕ್ಕಿಂತ ಅರ್ಧಪಟ್ಟು ಹೆಚ್ಚು ನಿಂತರೆ ಸಾದಾ ಪಾಯ ಬೇಡ. ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ಇಂಥ ನೆಲಕ್ಕೆಂದೇ ರೂಢಿಗೆ ತಂದ ಅಂಡರ್ ರೀಮ್ಡ್ ಪೈಲ್ ಹಾಕಿಸಲಿ. ಕಂಬವು ಋತುಮಾನದ ತೇವ ಏರಿಳಿಯುವ ಆಳ ದಾಟಿ, ಸುಮಾರು ಮೂರೂವರೆ ಮೀಟರ್ ಇಳಿಯಬೇಕು, ಅದರ ತಳದ ಬುಡ್ಡೆ ಕಂಬದ ಎರಡೂವರೆ ಪಟ್ಟು ಅಗಲ ಇರಬೇಕು. ಪ್ಲಿಂತ್ ಬೀಮಿಗೂ ನೆಲಕ್ಕೂ ನಡುವೆ 80 ಮಿ.ಮೀ. ಖಾಲಿ ಬಿಡಿಸಲಿ, ಉಬ್ಬುವ ಮಣ್ಣಿಗೆ ಜಾಗ ಬೇಕು.

ಮಿರಗದ ಮಳೆ ಹಿಡಿಯುವುದರೊಳಗೆ ನಿನ್ನ ಏಪ್ರನ್ ಮುಗಿಯಬೇಕು. ಗರಸು ಇಳಿಸಿಕೊಳ್ಳುವ ಮೊದಲು ಒಂದು ಹಿಡಿ ತೆಗೆದು ನೀರು ಚಿಮುಕಿಸಿ ಅಂಗೈಯಲ್ಲಿ ಹೊಸೆ. ಅಂಟಂಟಾಗಿ ಸಣ್ಣ ಬತ್ತಿಯ ಹಾಗೆ ಹೊಸೆದು ಬಂದರೆ ಅದರಲ್ಲಿ ಎರೆ ಬೆರೆತಿದೆ, ಗಾಡಿಯನ್ನು ಹಾಗೇ ವಾಪಸು ಕಳಿಸು.