ಮಳೆಯ ಮರೆಯ ಸೀಮೆ

ಚಿಕ್ಕಮಗಳೂರು ಜಿಲ್ಲೆಯೆಂದೊಡನೆ ದಟ್ಟವಾದ ಕಾಡು, ಕಾಫಿಯ ತೋಟ, ಬಿಡದೆ ಸುರಿಯುವ ಮಳೆ ಕಣ್ಣಿಗೆ ಕಟ್ಟುತ್ತವೆ. ಆದರೆ ಅದೇ ಜಿಲ್ಲೆಯ ಪೂರ್ವಭಾಗದಲ್ಲಿರುವ ಕಡೂರು ತಾಲ್ಲೂಕಿನ ಚಿತ್ರವೇ ಬೇರೆ. ಹಿರೇನಲ್ಲೂರು, ಯಗಟಿ, ಸಿಂಗಟಗೆರೆ ಮೊದಲಾದ ಹೋಬಳಿಗಳಲ್ಲಿ ಕಾಣುವುದು ವಿಶಾಲವಾದ ಬಯಲು, ರಾಗಿಯ ಹೊಲ, ತೆಂಗಿನ ತೋಟ. ಮುಗಿಲನ್ನು ನೋಡುತ್ತ ಬೇಸಾಯ ಮಾಡುವ ಸೀಮೆಯಿದು.

ಇದಕ್ಕೆ ಕಾರಣವನ್ನು ಪಶ್ಚಿಮದ ಬೆಟ್ಟಗಳಲ್ಲಿ ಹುಡುಕಬೇಕು. ಅರಬ್ಬೀ ಸಮುದ್ರದಿಂದ ಬೀಸಿ ಬರುವ ಮುಂಗಾರು ಗಾಳಿಯು ಮೊದಲು ಸಹ್ಯಾದ್ರಿಯನ್ನೂ ಅನಂತರ ಬಾಬಾಬುಡನ್‌ಗಿರಿಯ ಸಾಲನ್ನೂ ಏರಬೇಕು. ಏರುವಾಗ ತಣ್ಣಗಾಗಿ ತನ್ನ ತೇವವನ್ನೆಲ್ಲ ಅಲ್ಲಿಯೇ ಸುರಿಸಿಬಿಡುತ್ತದೆ. ಬೆಟ್ಟವಿಳಿದು ಕಡೂರಿನ ಬಯಲಿಗೆ ಬರುವ ಗಾಳಿಯಲ್ಲಿ ಉಳಿಯುವ ಮಳೆ ಸ್ವಲ್ಪ. ಇಂತಹ ನೆಲವನ್ನು ಮಳೆನೆರಳಿನ ಪ್ರದೇಶವೆನ್ನುತ್ತಾರೆ.

ಆದರೂ ಮಳೆಯನ್ನು ತಡೆದ ಆ ಬೆಟ್ಟಗಳೇ ಬಯಲಿಗೆ ಹೊಳೆಗಳನ್ನು ಕೊಟ್ಟಿವೆ. ಅವುಗಳ ಪೂರ್ವದ ಇಳಿಜಾರಿನಲ್ಲಿ ಹುಟ್ಟುವ ವೇದಾ ಮತ್ತು ಆವತಿ ಎಂಬ ಹೊಳೆಗಳು ಕಡೂರಿನ ಸಮೀಪದಲ್ಲಿ ಕೂಡಿ ವೇದಾವತಿಯಾಗುತ್ತವೆ. ಹರಿದುಹೋಗುವ ನೀರನ್ನು ಹಿಡಿದಿಡುವ ವಿದ್ಯೆಯನ್ನು ಹಿಂದಿನವರು ಬಲ್ಲವರಾಗಿದ್ದರು. ವೇದೆಯ ದಾರಿಯಲ್ಲಿ ಸಖರಾಯಪಟ್ಟಣದ ಅಯ್ಯನಕೆರೆಯೂ ಆವತಿಯ ದಾರಿಯಲ್ಲಿ ಮದಗದಕೆರೆಯೂ ನಿರ್ಮಾಣವಾದವು. ಗುಡ್ಡಗಳ ನಡುವಿನ ಕಣಿವೆಗೆ ಏರಿ ಕಟ್ಟಿ, ತೂಬಿನಿಂದ ಗದ್ದೆ ತೋಟಗಳಿಗೆ ನೀರು ಬಿಟ್ಟು, ಹೆಚ್ಚಾದುದನ್ನು ಕೋಡಿಯಲ್ಲಿ ಹರಿಯಿಸುವುದು ಅವರ ಕ್ರಮವಾಗಿತ್ತು. ಮುಂದೆ ಇದೇ ವೇದಾವತಿಗೆ ಹಿರಿಯೂರಿನ ಬಳಿ ಮಾರಿಕಣಿವೆಯಲ್ಲಿ ಕಟ್ಟಿದ ಅಣೆಕಟ್ಟು 1907ರಲ್ಲಿ ಪೂರ್ಣಗೊಂಡಿತು.

ನೀರು ನಿಂತಲ್ಲಿ ಊರು ಬೆಳೆಯಿತು. ಹಿರೇನಲ್ಲೂರಿನಲ್ಲಿರುವ ಹೊಯ್ಸಳರ ಕಾಲದ ಮಲ್ಲಿಕಾರ್ಜುನ ದೇವಾಲಯವು ಈ ಒಣನೆಲದಲ್ಲಿಯೂ ನೆಲೆಯಾದ ಬಾಳು ಹಿಂದಿನಿಂದ ಇತ್ತೆಂಬುದಕ್ಕೆ ಸಾಕ್ಷಿಯಾಗಿದೆ. ಉಳುಮೆಗೆ ಒದಗದ ಹುಲ್ಲುಗಾವಲೂ ವ್ಯರ್ಥವಾಗಲಿಲ್ಲ. ಮೈಸೂರು ಅರಸರು ಅದನ್ನು ಕಾವಲುಗಳನ್ನಾಗಿ ಕಾದಿಟ್ಟು ಅಮೃತಮಹಲ್ ದನಗಳನ್ನು ಮೇಯಿಸಿದರು. ಯುದ್ಧಕಾಲದಲ್ಲಿ ಫಿರಂಗಿಗಳನ್ನು ಎಳೆದ ಆ ಎತ್ತುಗಳ ತಳಿಯನ್ನು ಉಳಿಸಲು ಅಜ್ಜಂಪುರದಲ್ಲಿ 1929ರಲ್ಲಿ ತಳಿಸಂವರ್ಧನ ಕೇಂದ್ರ ಸ್ಥಾಪನೆಯಾಯಿತು. 1863ರಲ್ಲಿ ರಚಿತವಾದ ಜಿಲ್ಲೆಗೆ ಕಡೂರಿನ ಹೆಸರನ್ನೇ ಇಡಲಾಗಿತ್ತು. ಆಡಳಿತ ಕೇಂದ್ರವು ಬೇಗನೆ ಚಿಕ್ಕಮಗಳೂರಿಗೆ ಹೋದರೂ ಹೆಸರು 1947ರವರೆಗೆ ಉಳಿಯಿತು. ಬೀರೂರಿನಿಂದ ಶಿವಮೊಗ್ಗೆಗೆ 1899ರಲ್ಲಿ ರೈಲು ಹರಿದುದರಿಂದ ಬೆಳೆಗಳ ಸಾಗಾಟ ಸುಲಭವಾಯಿತು.

ಕಾಲ ಕಳೆದಂತೆ ಕೊಳವೆಬಾವಿಗಳು ಬಂದವು. ರಾಗಿ ಬೆಳೆಯುತ್ತಿದ್ದ ಹೊಲಗಳಲ್ಲಿಯೂ ತೆಂಗು, ಅಡಕೆ ತಲೆಯೆತ್ತಿದವು. ರಾಗಿಯು ಒಂದೆರಡು ಹದಮಳೆಗೆ ತೃಪ್ತವಾದೀತು; ತೋಟಕ್ಕಾದರೋ ಬೇಸಿಗೆಯಲ್ಲಿಯೂ ನೀರು ಬೇಕು. ಎತ್ತಿದಷ್ಟು ನೀರು ನೆಲಕ್ಕೆ ಮರಳದಿದ್ದರೆ ಅಂತರ್ಜಲ ಕುಸಿಯುತ್ತದೆ. ಬಾವಿ ಬತ್ತಿದಾಗ ಒಣಗುವುದು ಒಂದು ವರ್ಷದ ಬೆಳೆಯಲ್ಲ. ಹತ್ತಾರು ವರ್ಷ ಮಕ್ಕಳಂತೆ ಸಾಕಿದ ಮರ. ಭದ್ರೆಯ ನೀರನ್ನು ಅಜ್ಜಂಪುರದ ಬಳಿಯ ಸುರಂಗದ ಮೂಲಕ ಪೂರ್ವದ ಬಯಲಿಗೆ ತರುವ ಭದ್ರಾ ಮೇಲ್ದಂಡೆ ಯೋಜನೆಯನ್ನು ಇಲ್ಲಿನ ರೈತರು ಆಸೆಗಣ್ಣಿನಿಂದ ನೋಡುತ್ತಿರುವುದು ಸಹಜ.

ಆದರೆ ಹೊರಗಿನಿಂದ ಬಂದ ನೀರಿಗೂ ನಿಲ್ಲಲು ಎಡೆ ಬೇಕು. ಹೂಳು ತುಂಬಿದ ಕೆರೆ, ಒತ್ತುವರಿಯಾದ ಕಾಲುವೆ ಯಾವ ನದಿಯ ನೀರನ್ನೂ ಹಿಡಿಯಲಾರವು. ಮಳೆಯನ್ನು ತರಿಸುವುದು ಮನುಷ್ಯನ ಕೈಯಲ್ಲಿಲ್ಲ. ಬಂದ ಹನಿಯನ್ನು ಉಳಿಸುವುದು ಅವನ ಕೈಯಲ್ಲಿದೆ. ಮಳೆಯ ಮರೆಯಲ್ಲಿ ಬಾಳಿದ ಈ ಸೀಮೆಯ ಹಿರಿಯರು ಕೆರೆ ಕಟ್ಟಿ ತೋರಿಸಿದ ಪಾಠವಿದು.