ಹತ್ತಾರು ಸರ್ವರ್‌ಗಳಿಗೆ ಒಂದೇ ವೇಳಾಪಟ್ಟಿ

ರಾತ್ರಿ ಎರಡೂವರೆಗೆ ಡೇಟಾಬೇಸ್ ಬ್ಯಾಕಪ್, ಭಾನುವಾರ ನಸುಕಿಗೆ ಹಳೆಯ ಲಾಗ್‌ಗಳ ವಿಲೇವಾರಿ, ದಿನಕ್ಕೆ ಎರಡು ಸಲ ವೆಬ್‌ಸೈಟಿನ ಎಸ್‌ಎಸ್‌ಎಲ್ ಸರ್ಟಿಫಿಕೇಟ್ ತಪಾಸಣೆ. ಕಾಲೇಜಿನದಿರಲಿ, ನರ್ಸಿಂಗ್ ಹೋಮಿನದಿರಲಿ, ಪತ್ತಿನ ಸಹಕಾರ ಸಂಘದ್ದಿರಲಿ, ಸರ್ವರ್ ಎಂದಮೇಲೆ ಇಂಥ ನಿತ್ಯದ ಕೆಲಸಗಳು ಇದ್ದೇ ಇರುತ್ತವೆ. ಲಿನಕ್ಸ್‌ನಲ್ಲಿ ಇವನ್ನು ಹೊತ್ತಿಗೆ ಸರಿಯಾಗಿ ಮಾಡಿಸುವ ವ್ಯವಸ್ಥೆ ಕ್ರಾನ್. 1979ರ ಯುನಿಕ್ಸ್ ಏಳನೇ ಆವೃತ್ತಿಯಲ್ಲೇ ಅದು ಇತ್ತು. ಇಂದು ಬಹುತೇಕ ಲಿನಕ್ಸ್‌ಗಳಲ್ಲಿರುವ ಕ್ರಾನ್‌ಗೆ ಮೂಲ, 1987ರಲ್ಲಿ ಪಾಲ್ ವಿಕ್ಸಿ ಬರೆದ ಆವೃತ್ತಿ.

ಇಷ್ಟು ವರ್ಷ ಬಾಳಿದ ಸಾಧನದಲ್ಲಿ ಹೇಳಿಕೊಳ್ಳುವಂಥ ದೋಷವಿಲ್ಲ. ತೊಂದರೆ ಬರುವುದು ಬಳಕೆಯಲ್ಲಿ. ಯಾರೋ ಒಬ್ಬರು ಸರ್ವರ್‌ಗೆ ಲಾಗಿನ್ ಆಗಿ, ‘ಕ್ರಾನ್‌ಟ್ಯಾಬ್ -ಇ’ ಎಂದು ಕೊಟ್ಟು ಕ್ರಾನ್‌ನ ಪಟ್ಟಿಗೆ ಒಂದು ಸಾಲು ಸೇರಿಸುತ್ತಾರೆ. ಆಮೇಲೆ ಬೇರೆ ಕಂಪನಿ ಸೇರುತ್ತಾರೆ. ಸಾಲು ಅಲ್ಲೇ ಉಳಿಯುತ್ತದೆ. ಅದು ಯಾಕಿದೆ, ತೆಗೆದರೆ ಏನಾಗುತ್ತದೆ ಎಂದು ಹೇಳುವವರು ಇರುವುದಿಲ್ಲ. ಡಿಸ್ಕ್ ಕೆಟ್ಟು ಹೊಸ ಸರ್ವರ್ ಕಟ್ಟುವಾಗ ಅಪ್ಲಿಕೇಶನ್ ಬರುತ್ತದೆ, ಡೇಟಾ ಬರುತ್ತದೆ, ಆ ಸಾಲು ಮಾತ್ರ ಬರುವುದಿಲ್ಲ. ಇನ್ನೊಂದು ಅಪಾಯ ಕೀಬೋರ್ಡಿನಲ್ಲೇ ಇದೆ. ‘-ಇ’ ಕೊಟ್ಟರೆ ಪಟ್ಟಿಯನ್ನು ತಿದ್ದಬಹುದು, ‘-ಆರ್’ ಕೊಟ್ಟರೆ ಇಡೀ ಪಟ್ಟಿ ಅಳಿಸಿಹೋಗುತ್ತದೆ. ಎರಡು ಕೀಲಿಗಳೂ ಅಕ್ಕಪಕ್ಕದಲ್ಲಿವೆ. ಅಳಿಸುವ ಮುಂಚೆ ಅದು ಸಾಮಾನ್ಯವಾಗಿ ಒಂದು ಮಾತೂ ಕೇಳುವುದಿಲ್ಲ.

ಆದ್ದರಿಂದ ನಾನು ಒತ್ತಿ ಹೇಳುವುದು ಇಷ್ಟು: ವೇಳಾಪಟ್ಟಿ ಎಲ್ಲರೂ ಓದಬಹುದಾದ ಒಂದು ಗಿಟ್ ರೆಪೊದಲ್ಲಿರಬೇಕು, ಅಲ್ಲಿಂದ ಸರ್ವರ್‌ಗಳಿಗೆ ಇಳಿಯಬೇಕು. ಒಂದು ಕೆಲಸ ನಡೆಯದೆ ಹೋದರೆ ಅದು ಮರುದಿನವೇ ಒಬ್ಬರ ಗಮನಕ್ಕೆ ಬರಬೇಕು. ಇಳಿಸುವ ಕೆಲಸಕ್ಕೆ ಪಪೆಟ್, ಶೆಫ್, ಸಾಲ್ಟ್, ಆನ್ಸಿಬಲ್ ಎಂಬ ಸಾಧನಗಳಿವೆ. ನಾಲ್ಕರಲ್ಲೂ ಕ್ರಾನ್‌ಗೆಂದೇ ಪ್ರತ್ಯೇಕ ಸೌಲಭ್ಯವಿದೆ. ಹೊಸದಾಗಿ ಕಲಿಯುವವರಿಗೆ ಆನ್ಸಿಬಲ್ ಸಲೀಸು. 2012ರಲ್ಲಿ ಮೈಕೆಲ್ ಡಿಹಾನ್ ಬಿಡುಗಡೆ ಮಾಡಿದ, 2015ರಲ್ಲಿ ರೆಡ್ ಹ್ಯಾಟ್ ಕೊಂಡುಕೊಂಡ ಈ ಸಾಧನಕ್ಕೆ ಸರ್ವರ್‌ಗಳಲ್ಲಿ ಎಸ್‌ಎಸ್‌ಎಚ್ ಸಂಪರ್ಕ ಮತ್ತು ಪೈಥಾನ್ ಇದ್ದರೆ ಸಾಕು, ಬೇರೆ ತಂತ್ರಾಂಶ ಹಾಕಬೇಕಿಲ್ಲ. ಇಲ್ಲಿನ ಕಮಾಂಡ್‌ಗಳನ್ನು ಕನ್ನಡ ಅಕ್ಷರದಲ್ಲಿ ಕೊಟ್ಟಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷಿನ ಸಣ್ಣಕ್ಷರ ಬಳಸಿ.

ಮೊದಲು ಇರುವುದನ್ನು ಪಟ್ಟಿ ಮಾಡಿ

ಪ್ರತಿ ಸರ್ವರ್‌ನಲ್ಲೂ ರೂಟ್ ಸೇರಿ ಎಲ್ಲ ಬಳಕೆದಾರರ ಹೆಸರಲ್ಲಿ ‘ಕ್ರಾನ್‌ಟ್ಯಾಬ್ -ಎಲ್’ ಕೊಟ್ಟು ನೋಡಿ. ಇಟಿಸಿ ಡೈರೆಕ್ಟರಿಯೊಳಗಿನ ಕ್ರಾನ್‌ಟ್ಯಾಬ್ ಕಡತ, ಕ್ರಾನ್.ಡಿ, ಕ್ರಾನ್.ಡೈಲಿ ಡೈರೆಕ್ಟರಿಗಳನ್ನೂ ತೆರೆದು ನೋಡಿ. ಕೊನೆಗೆ ‘ಸಿಸ್ಟಂಸಿಟಿಎಲ್ ಲಿಸ್ಟ್-ಟೈಮರ್ಸ್’ ಕೊಡಿ. ಕ್ರಾನ್‌ನಂತೆಯೇ ಹೊತ್ತಿಗೆ ಕೆಲಸ ಮಾಡಿಸುವ ಸಿಸ್ಟಂಡಿ ಟೈಮರ್‌ಗಳು ಇದರಲ್ಲಿ ಕಾಣುತ್ತವೆ. ಈ ಕೊನೆಯದನ್ನು ಬಹಳ ಮಂದಿ ಮರೆಯುತ್ತಾರೆ. ಉದಾಹರಣೆಗೆ, ಲೆಟ್ಸ್ ಎನ್‌ಕ್ರಿಪ್ಟ್‌ನ 90 ದಿನದ ಸರ್ಟಿಫಿಕೇಟನ್ನು ನವೀಕರಿಸುವ ಸರ್ಟ್‌ಬಾಟ್, ಉಬುಂಟುವಿನಲ್ಲಿ ತನ್ನ ಟೈಮರನ್ನು ತಾನೇ ತಂದುಕೊಳ್ಳುತ್ತದೆ. ಅದು ಗೊತ್ತಿಲ್ಲದೆ ಕ್ರಾನ್‌ನಲ್ಲೂ ಬರೆದರೆ ಒಂದೇ ಕೆಲಸಕ್ಕೆ ಎರಡು ದಾರಿಯಾಗುತ್ತದೆ.

ಸಿಕ್ಕಿದ ಪ್ರತಿ ಸಾಲಿನ ಮುಂದೆ ಮೂರು ವಿಷಯ ಬರೆದಿಡಿ: ಇದು ಯಾರ ಜವಾಬ್ದಾರಿ, ಒಂದು ರಾತ್ರಿ ತಪ್ಪಿದರೆ ಏನಾಗುತ್ತದೆ, ಒಂದೇ ರಾತ್ರಿ ಎರಡು ಸಲ ಓಡಿದರೆ ಏನಾಗುತ್ತದೆ. ಮೂರನೆಯದಕ್ಕೆ ‘ಏನೂ ಆಗುವುದಿಲ್ಲ’ ಎಂಬ ಉತ್ತರ ಬರುವಂತೆ ಸ್ಕ್ರಿಪ್ಟ್ ಬರೆದುಕೊಂಡರೆ ಮುಂದಿನ ಅರ್ಧ ಕಷ್ಟ ಕಳೆಯಿತು.

ಕಮಾಂಡನ್ನು ಸ್ಕ್ರಿಪ್ಟ್ ಮಾಡಿ

ಉದ್ದನೆಯ ಕಮಾಂಡನ್ನು ನೇರವಾಗಿ ಕ್ರಾನ್ ಸಾಲಿನಲ್ಲಿ ತುರುಕಬೇಡಿ. ಕೈಯಲ್ಲಿ ಕೊಟ್ಟಾಗ ಸರಿಯಾಗಿ ನಡೆದ ಕಮಾಂಡ್ ಕ್ರಾನ್‌ನಲ್ಲಿ ನಡೆಯದಿರಲು ಮುಖ್ಯ ಕಾರಣ, ಕ್ರಾನ್ ಕೊಡುವ ಪಾತ್, ಅಂದರೆ ಪ್ರೋಗ್ರಾಮುಗಳನ್ನು ಹುಡುಕುವ ಡೈರೆಕ್ಟರಿಗಳ ಪಟ್ಟಿ, ತೀರಾ ಚಿಕ್ಕದು. ನೀವು ಲಾಗಿನ್ ಆದಾಗ ಸಿಗುವ ಪ್ರೊಫೈಲ್ ಸೆಟ್ಟಿಂಗ್ ಅದಕ್ಕೆ ಸಿಗುವುದಿಲ್ಲ. ಹಾಗಾಗಿ ಸ್ಕ್ರಿಪ್ಟ್‌ನೊಳಗೆ ಪ್ರತಿ ಪ್ರೋಗ್ರಾಮಿಗೂ ಪೂರ್ತಿ ವಿಳಾಸ ಕೊಡಿ. ಎರಡನೆಯ ಕಾರಣ ಶೇಕಡಾ ಚಿಹ್ನೆ. ಬ್ಯಾಕಪ್ ಕಡತದ ಹೆಸರಿಗೆ ತಾರೀಖು ಸೇರಿಸಲು ‘ಡೇಟ್’ ಕಮಾಂಡಿನ ಜೊತೆ % ಬಳಸುತ್ತೇವೆ. ಕ್ರಾನ್ ಸಾಲಿನಲ್ಲಿ % ಎಂದರೆ ಹೊಸ ಸಾಲು ಎಂದರ್ಥ. ಕಮಾಂಡ್ ಅಲ್ಲಿಗೇ ತುಂಡಾಗುತ್ತದೆ. ಹಿಂದೆ ಬ್ಯಾಕ್‌ಸ್ಲ್ಯಾಶ್ ಹಾಕಿ ಪಾರಾಗಬಹುದು, ಆದರೆ ಸ್ಕ್ರಿಪ್ಟ್‌ನೊಳಗಿದ್ದರೆ ಈ ಗೋಜೇ ಇಲ್ಲ.

ಬ್ಯಾಕಪ್ ಸ್ಕ್ರಿಪ್ಟ್ ಬ್ಯಾಷ್‌ನಲ್ಲಿದ್ದರೆ ಮೇಲ್ಭಾಗದಲ್ಲಿ ‘ಸೆಟ್ -ಇ’ ಮತ್ತು ‘ಸೆಟ್ -ಓ ಪೈಪ್‌ಫೇಲ್’ ಎಂಬ ಎರಡು ಸಾಲು ಕಡ್ಡಾಯವಾಗಿರಲಿ. ಡೇಟಾಬೇಸ್ ಡಂಪ್ ತೆಗೆದು, ಅದನ್ನು ಪೈಪ್ ಮೂಲಕ ಜಿಜಿಪ್‌ಗೆ ಕಳಿಸುವುದು ರೂಢಿ. ಡಂಪ್ ವಿಫಲವಾದರೂ ಜಿಜಿಪ್ ತನ್ನ ಪಾಡಿಗೆ ಖಾಲಿ ಕಡತವನ್ನೇ ಕುಗ್ಗಿಸಿಟ್ಟು ‘ಯಶಸ್ವಿ’ ಎಂದು ಹೇಳಿಬಿಡುತ್ತದೆ. ಪೈಪ್‌ಫೇಲ್ ಇದ್ದರೆ ಆ ಸುಳ್ಳು ಯಶಸ್ಸು ತಪ್ಪುತ್ತದೆ.

ಪ್ಲೇಬುಕ್ ಬರೆಯುವಾಗ

ಈಗ ಆನ್ಸಿಬಲ್‌ನ ಕ್ರಾನ್ ಮಾಡ್ಯೂಲ್. ಸರ್ವರ್‌ಗಳಲ್ಲಿ ಏನಾಗಬೇಕೆಂದು ಬರೆದಿಡುವ ಯಾಮಲ್ ಕಡತವೇ ಪ್ಲೇಬುಕ್, ಅದರ ಒಂದೊಂದು ಕೆಲಸ ಒಂದು ಟಾಸ್ಕ್. ಅದರಲ್ಲಿ ಈ ಮಾಡ್ಯೂಲ್‌ಗೆ ಮುಖ್ಯವಾಗಿ ಬೇಕಾದವು ನೇಮ್, ಮಿನಿಟ್, ಅವರ್, ಯೂಸರ್, ಜಾಬ್. ರಾತ್ರಿ ಎರಡೂವರೆಯ ಬ್ಯಾಕಪ್‌ಗೆ ಮಿನಿಟ್ 30, ಅವರ್ 2, ಯೂಸರ್ ಪೋಸ್ಟ್‌ಗ್ರೆಸ್, ಜಾಬ್ ಎದುರಿಗೆ ಸ್ಕ್ರಿಪ್ಟ್‌ನ ಪೂರ್ತಿ ವಿಳಾಸ. ಓಡಿಸಿದರೆ ಸರ್ವರ್‌ನ ಕ್ರಾನ್‌ಟ್ಯಾಬ್‌ನಲ್ಲಿ ‘30 2 * * *’ ಎಂದು ಶುರುವಾಗುವ ಸಾಲು ಮೂಡುತ್ತದೆ. ಅನುಕ್ರಮವಾಗಿ ನಿಮಿಷ, ಗಂಟೆ, ತಾರೀಖು, ತಿಂಗಳು, ವಾರ; ನಕ್ಷತ್ರ ಇದ್ದಲ್ಲಿ ‘ಯಾವುದಾದರೂ ಸರಿ’.

ಇಲ್ಲಿ ಎರಡು ಕಡೆ ಜೋಪಾನ. ಮೊದಲನೆಯದು ಮಿನಿಟ್. ಕೊಡದೆ ಬಿಟ್ಟರೆ ಆನ್ಸಿಬಲ್ ಅದನ್ನು ಸೊನ್ನೆ ಎಂದುಕೊಳ್ಳುವುದಿಲ್ಲ, ನಕ್ಷತ್ರ ಹಾಕುತ್ತದೆ. ಅವರ್ 2 ಎಂದು ಮಾತ್ರ ಬರೆದು ‘ರಾತ್ರಿ ಎರಡಕ್ಕೆ ಒಂದು ಸಲ’ ಎಂದು ನೀವು ನಂಬಿ ಮಲಗಿದರೆ, ಎರಡು ಗಂಟೆಯಿಂದ ಎರಡು ಐವತ್ತೊಂಬತ್ತರವರೆಗೆ ನಿಮಿಷಕ್ಕೊಂದರಂತೆ 60 ಸಲ ಬ್ಯಾಕಪ್ ಶುರುವಾಗುತ್ತದೆ. ಪರಿಶೀಲನೆಗೆ ಬರುವ ಪ್ರತಿ ಬದಲಾವಣೆಯಲ್ಲೂ ನೀವು ಮೊದಲು ಹುಡುಕಬೇಕಾದ್ದು ಈ ಒಂದು ಖಾನೆಯನ್ನು.

ಎರಡನೆಯದು ನೇಮ್. ಇದನ್ನು ಬರೀ ಟಿಪ್ಪಣಿ ಎಂದುಕೊಳ್ಳಬೇಡಿ. ಸರ್ವರ್‌ನಲ್ಲಿ ‘ಕ್ರಾನ್‌ಟ್ಯಾಬ್ -ಎಲ್’ ಮಾಡಿ ನೋಡಿದರೆ ಸಾಲಿನ ಮೇಲೆ ‘#ಆನ್ಸಿಬಲ್:’ ಎಂಬುದರ ಮುಂದೆ ನೀವು ಕೊಟ್ಟ ಹೆಸರು ಕಾಣುತ್ತದೆ. ಮುಂದಿನ ಸಲ ಪ್ಲೇಬುಕ್ ಓಡಿದಾಗ ತನ್ನ ಸಾಲು ಯಾವುದೆಂದು ಆನ್ಸಿಬಲ್ ಗುರುತು ಹಿಡಿಯುವುದು ಆ ಹೆಸರಿನಿಂದಲೇ. ಬ್ಯಾಕಪ್ ಎಂದಿದ್ದದ್ದನ್ನು ‘ಡಿಬಿ ಬ್ಯಾಕಪ್’ ಎಂದು ಚೆಂದಗಾಣಿಸಲು ಹೋದರೆ ಹಳೆಯ ಸಾಲು ಅಲ್ಲೇ ಉಳಿದು ಹೊಸದೊಂದು ಸೇರಿಕೊಳ್ಳುತ್ತದೆ. ಆದ್ದರಿಂದ ಹೆಸರನ್ನು ಮೊದಲ ದಿನವೇ ಯೋಚಿಸಿ ಇಡಿ, ಆಮೇಲೆ ಮುಟ್ಟಬೇಡಿ. ತೀರಾ ಬದಲಿಸಲೇಬೇಕಾದರೆ ಹಳೆಯ ಸಾಲನ್ನು ತೆಗೆಯಲು ಆ ಹೆಸರಿಗೆ ಸ್ಟೇಟ್ ಆಬ್ಸೆಂಟ್ ಎಂಬ ಇನ್ನೊಂದು ಟಾಸ್ಕ್ ಬರೆಯಿರಿ.

ಸಾಲನ್ನು ಬಳಕೆದಾರರ ಕ್ರಾನ್‌ಟ್ಯಾಬ್‌ಗೆ ಹಾಕುವ ಬದಲು ಕ್ರಾನ್.ಡಿ ಡೈರೆಕ್ಟರಿಯಲ್ಲಿ ಪ್ರತ್ಯೇಕ ಕಡತವಾಗಿಯೂ ಇಡಬಹುದು. ಅದಕ್ಕೆ ಕ್ರಾನ್ ಫೈಲ್ ಎಂಬ ಖಾನೆಯಿದೆ. ಡೆಬಿಯನ್, ಉಬುಂಟುಗಳಲ್ಲಿ ಆ ಕಡತದ ಹೆಸರಿನಲ್ಲಿ ಚುಕ್ಕೆ ಇರಬಾರದು. ಇದ್ದರೆ ಕ್ರಾನ್ ಅದನ್ನು ಓದುವುದೇ ಇಲ್ಲ.

ನಿಜವಾಗಿ ಓಡಿಸುವ ಮುಂಚೆ ಪ್ಲೇಬುಕ್ ಕಮಾಂಡಿಗೆ ‘--ಚೆಕ್ --ಡಿಫ್’ ಸೇರಿಸಿ. ಏನು ಸೇರುತ್ತದೆ, ಏನು ಹೋಗುತ್ತದೆ ಎಂಬುದನ್ನು ಸರ್ವರ್ ಮುಟ್ಟದೆ ತೋರಿಸುತ್ತದೆ. ಮೊದಲು ಒಂದು ಸರ್ವರ್‌ಗೆ, ಮರುದಿನ ಉಳಿದವಕ್ಕೆ.

ಗಡಿಯಾರದ ಲೆಕ್ಕ

ಕ್ಲೌಡ್‌ನಲ್ಲಿ ಬಾಡಿಗೆಗೆ ಪಡೆದ ಸರ್ವರ್‌ಗಳ ಗಡಿಯಾರ ಹೆಚ್ಚಾಗಿ ಯುಟಿಸಿಯಲ್ಲಿರುತ್ತದೆ. ನಮ್ಮ ಸಮಯ ಅದಕ್ಕಿಂತ ಐದೂವರೆ ಗಂಟೆ ಮುಂದೆ. ಹಾಗಾಗಿ ಭಾರತದ ರಾತ್ರಿ 2:30 ಎಂದರೆ ಅಲ್ಲಿ ಹಿಂದಿನ ದಿನದ 21:00. ಗಂಟೆ ಬದಲಿಸಿ ವಾರ ಬದಲಿಸದಿದ್ದರೆ ಭಾನುವಾರದ ಕೆಲಸ ಸೋಮವಾರ ನಸುಕಿಗೆ ಬೀಳುತ್ತದೆ. ವಾರದ ಖಾನೆಯಲ್ಲಿ ಶನಿವಾರ ಬರೆಯಬೇಕು. ತಿಂಗಳ ಒಂದನೇ ತಾರೀಖಿನ ಕೆಲಸ ಇನ್ನೂ ಕಷ್ಟ. ಅದು ಯುಟಿಸಿಯಲ್ಲಿ ಹಿಂದಿನ ತಿಂಗಳ ಕೊನೆಯ ದಿನವಾಗುತ್ತದೆ, ಮತ್ತು ಆ ದಿನ 28 ಇರಬಹುದು, 31 ಇರಬಹುದು. ಸುಲಭದ ದಾರಿ ಎಂದರೆ ಅಂಥ ಕೆಲಸವನ್ನು ಭಾರತದ ಬೆಳಿಗ್ಗೆ ಐದೂವರೆಯ ನಂತರಕ್ಕೆ ಇಡುವುದು. ಆಗ ಎರಡೂ ಕಡೆ ತಾರೀಖು ಒಂದೇ.

ತಾರೀಖು ಮತ್ತು ವಾರ ಎರಡನ್ನೂ ಒಟ್ಟಿಗೆ ಕೊಟ್ಟರೆ ಕ್ರಾನ್ ‘ಎರಡರಲ್ಲಿ ಯಾವುದು ಕೂಡಿಬಂದರೂ ಸರಿ’ ಎಂದು ಓದುತ್ತದೆ. 1 ಮತ್ತು ಸೋಮವಾರ ಎಂದು ಬರೆದರೆ ಒಂದನೇ ತಾರೀಖಿಗೂ ನಡೆಯುತ್ತದೆ, ಎಲ್ಲ ಸೋಮವಾರಗಳಲ್ಲೂ ನಡೆಯುತ್ತದೆ.

ಸರ್ವರ್‌ಗಳು ಹೆಚ್ಚಿದ್ದಾಗ ಎಲ್ಲವೂ ಸರಿಯಾಗಿ 2:30ಕ್ಕೇ ಬ್ಯಾಕಪ್ ಸ್ಟೋರೇಜ್ ಕಡೆ ನುಗ್ಗಿದರೆ ನೆಟ್‌ವರ್ಕ್ ಕಟ್ಟಿಕೊಳ್ಳುತ್ತದೆ. ನಿಮಿಷವನ್ನು ಹಂಚಬೇಕು. ಆನ್ಸಿಬಲ್‌ನ ರ‍್ಯಾಂಡಮ್ ಫಿಲ್ಟರ್‌ಗೆ 60 ಕೊಟ್ಟರೆ 0ಯಿಂದ 59ರವರೆಗಿನ ಒಂದು ಸಂಖ್ಯೆ ಬರುತ್ತದೆ. ಜೊತೆಗೆ ಸೀಡ್ ಆಗಿ ಇನ್ವೆಂಟರಿಯಲ್ಲಿ, ಅಂದರೆ ಆನ್ಸಿಬಲ್‌ನ ಸರ್ವರ್ ಪಟ್ಟಿಯಲ್ಲಿ, ಇರುವ ಸರ್ವರ್‌ನ ಹೆಸರನ್ನೇ ಕೊಡಿ. ಆಗ ಆ ಸರ್ವರ್‌ಗೆ ಪ್ರತಿ ಸಲವೂ ಅದೇ ನಿಮಿಷ. ಸೀಡ್ ಮರೆತರೆ ಪ್ಲೇಬುಕ್ ಓಡಿದಾಗಲೆಲ್ಲ ವೇಳೆ ಬದಲಾಗುತ್ತಿರುತ್ತದೆ. ಪಪೆಟ್‌ನಲ್ಲಿ ಇದೇ ಕೆಲಸಕ್ಕೆ ಎಫ್‌ಕ್ಯೂಡಿಎನ್ ರ‍್ಯಾಂಡ್ ಇದೆ.

ಒಂದು ಮುಗಿಯುವ ಮುಂಚೆ ಇನ್ನೊಂದು

ಹತ್ತು ನಿಮಿಷಕ್ಕೊಮ್ಮೆ ಓಡುವ ಕೆಲಸ ಒಂದು ದಿನ ಹದಿನೈದು ನಿಮಿಷ ಹಿಡಿದರೆ ಎರಡು ಪ್ರತಿಗಳು ಒಂದೇ ಡೇಟಾದ ಮೇಲೆ ಕೈಹಾಕುತ್ತವೆ. ಜಾಬ್ ಸಾಲಿನ ಮುಂದೆ ‘ಫ್ಲಾಕ್ -ಎನ್’ ಮತ್ತು ಒಂದು ಲಾಕ್ ಕಡತದ ವಿಳಾಸ ಸೇರಿಸಿ. ಮೊದಲನೆಯದು ಮುಗಿಯದಿದ್ದರೆ ಎರಡನೆಯದು ಸುಮ್ಮನೆ ಹಿಂದಿರುಗುತ್ತದೆ.

ನಿಗದಿತ ವೇಳೆಗೆ ಸರ್ವರ್ ಆಫ್ ಆಗಿದ್ದರೆ ಕ್ರಾನ್ ಆ ಸರದಿಯನ್ನು ಕೈಬಿಡುತ್ತದೆ. ಕರೆಂಟ್ ಹೋಗಿಬರುವ ಊರುಗಳಲ್ಲಿ, ಕಚೇರಿಯ ಮೂಲೆಯಲ್ಲಿಟ್ಟ ಸರ್ವರ್‌ಗೆ ಸಿಸ್ಟಂಡಿ ಟೈಮರೇ ಮೇಲು. ಅದರಲ್ಲಿ ಪರ್ಸಿಸ್ಟೆಂಟ್ ಎಂಬುದನ್ನು ಟ್ರೂ ಮಾಡಿದರೆ ತಪ್ಪಿದ ಕೆಲಸ ಸರ್ವರ್ ಎದ್ದ ಮೇಲೆ ನಡೆಯುತ್ತದೆ. ಇದಕ್ಕೆ ಸರ್ವಿಸ್, ಟೈಮರ್ ಎಂಬ ಎರಡು ಕಡತ ಬೇಕು. ಎರಡನ್ನೂ ಆನ್ಸಿಬಲ್‌ನ ಟೆಂಪ್ಲೇಟ್ ಮಾಡ್ಯೂಲ್‌ನಿಂದ ಕಳಿಸಿ, ಸಿಸ್ಟಂಡಿ ಮಾಡ್ಯೂಲ್‌ನಿಂದ ಟೈಮರನ್ನು ಚಾಲೂ ಮಾಡಿ. ಬರೆದ ವೇಳೆ ಸರಿಯಿದೆಯೇ ಎಂದು ‘ಸಿಸ್ಟಂಡಿ-ಅನಲೈಜ್ ಕ್ಯಾಲೆಂಡರ್’ ಮುಂದಿನ ಸರದಿಯನ್ನು ಲೆಕ್ಕಹಾಕಿ ತೋರಿಸುತ್ತದೆ.

ನಡೆಯದಿದ್ದರೆ ತಿಳಿಯುವುದು ಹೇಗೆ

ನನ್ನ ದೃಷ್ಟಿಯಲ್ಲಿ ಇಡೀ ಕೆಲಸದ ಜೀವ ಇರುವುದು ಇಲ್ಲಿ. 2017ರ ಜನವರಿ 31ರಂದು ಗಿಟ್ ರೆಪೊಗಳನ್ನು ಇಟ್ಟುಕೊಡುವ ಗಿಟ್‌ಲ್ಯಾಬ್ ಸಂಸ್ಥೆಯ ಎಂಜಿನಿಯರ್ ಒಬ್ಬರು ಕಣ್ತಪ್ಪಿನಿಂದ ಮುಖ್ಯ ಡೇಟಾಬೇಸ್‌ನ ಡೈರೆಕ್ಟರಿಯನ್ನೇ ಅಳಿಸಿದರು. ನಿತ್ಯದ ಬ್ಯಾಕಪ್ ಹುಡುಕಿದರೆ ಅಮೆಜಾನ್ ಎಸ್3ಯಲ್ಲಿ ಏನೂ ಇರಲಿಲ್ಲ. ಡೇಟಾಬೇಸ್ ಪೋಸ್ಟ್‌ಗ್ರೆಸ್ 9.6ಕ್ಕೆ ಏರಿತ್ತು, ಬ್ಯಾಕಪ್ ತೆಗೆಯುತ್ತಿದ್ದ ಪ್ರೋಗ್ರಾಂ 9.2ರದು, ಅದು ಪ್ರತಿ ಸಲವೂ ವಿಫಲವಾಗುತ್ತಿತ್ತು. ಕ್ರಾನ್ ವೈಫಲ್ಯದ ಇಮೇಲ್‌ಗಳನ್ನೂ ಕಳಿಸುತ್ತಿತ್ತು. ಆದರೆ ಅವುಗಳಿಗೆ ಡಿಮಾರ್ಕ್ ಎಂಬ ಇಮೇಲ್ ಭದ್ರತಾ ನಿಯಮ ಕೇಳುವ ಸಹಿ ಇಲ್ಲದ್ದರಿಂದ ಮೇಲ್ ಸರ್ವರ್ ಎಲ್ಲವನ್ನೂ ತಿರಸ್ಕರಿಸಿತ್ತು. ಬೇರೊಂದು ಕೆಲಸಕ್ಕೆಂದು ಸುಮಾರು ಆರು ಗಂಟೆ ಮುಂಚೆ ಕೈಯಾರೆ ತೆಗೆದಿದ್ದ ಸ್ನ್ಯಾಪ್‌ಶಾಟ್ ಅವರನ್ನು ಉಳಿಸಿತು. ಆ ಆರು ಗಂಟೆಗಳ ಡೇಟಾ ಮರಳಿ ಬರಲಿಲ್ಲ. ಇದನ್ನೆಲ್ಲ ಆ ಸಂಸ್ಥೆಯೇ ಬಚ್ಚಿಡದೆ ಪ್ರಕಟಿಸಿತು, ಅದಕ್ಕಾಗಿ ನಾವು ಅವರಿಗೆ ಋಣಿಗಳು.

ಕೆಟ್ಟ ಸುದ್ದಿ ಇಮೇಲ್‌ನಲ್ಲಿ ಬರುತ್ತದೆ ಎಂದು ಕಾಯುವ ಪದ್ಧತಿಯೇ ಅಪಾಯಕಾರಿ. ತಿರುಗಿಸಿ ಮಾಡಿ: ಕೆಲಸ ಯಶಸ್ವಿಯಾದಾಗ ಸ್ಕ್ರಿಪ್ಟ್‌ನ ಕಟ್ಟಕಡೆಯ ಸಾಲು ‘ಕರ್ಲ್’ ಮೂಲಕ ಬೇರೊಂದು ಸರ್ವರ್‌ಗೆ ‘ಮುಗಿಯಿತು’ ಎಂದು ತಿಳಿಸಲಿ. ಹೇಳಿದ ಹೊತ್ತಿಗೆ ಆ ಸುದ್ದಿ ಬಾರದಿದ್ದರೆ ಆ ಸರ್ವರ್ ನಿಮ್ಮ ಫೋನಿಗೆ ಎಚ್ಚರಿಕೆ ಕಳಿಸಲಿ. ಹೆಲ್ತ್‌ಚೆಕ್ಸ್ ಎಂಬ ಮುಕ್ತ ತಂತ್ರಾಂಶ ಇದಕ್ಕೆಂದೇ ಇದೆ, ನಿಮ್ಮದೇ ಯಂತ್ರದಲ್ಲಿ ನಡೆಸಬಹುದು. ಸುದ್ದಿ ಕಳಿಸುವ ಮುಂಚೆ ಸ್ಕ್ರಿಪ್ಟ್ ಬ್ಯಾಕಪ್ ಕಡತದ ಗಾತ್ರವನ್ನೂ ನೋಡಲಿ. ನಿನ್ನೆಯದರ ಅರ್ಧಕ್ಕಿಂತ ಕಡಿಮೆಯಿದ್ದರೆ ಅಲ್ಲಿಗೇ ನಿಲ್ಲಲಿ. ತಿಂಗಳಿಗೊಮ್ಮೆ ಒಂದು ಬ್ಯಾಕಪ್ಪನ್ನು ಖಾಲಿ ಯಂತ್ರಕ್ಕೆ ಮರಳಿ ತುಂಬಿ ತೆರೆದು ನೋಡುವುದನ್ನೂ ವೇಳಾಪಟ್ಟಿಗೆ ಸೇರಿಸಿ, ಅದರ ಮುಂದೆ ಒಬ್ಬರ ಹೆಸರಿರಲಿ.

ತೆಗೆಯುವಾಗ

ಪ್ಲೇಬುಕ್‌ನಿಂದ ಟಾಸ್ಕ್ ಅಳಿಸಿದ ಮಾತ್ರಕ್ಕೆ ಸರ್ವರ್‌ನಲ್ಲಿನ ಸಾಲು ಹೋಗುವುದಿಲ್ಲ. ಮೊದಲು ಅದೇ ಹೆಸರು, ಅದೇ ಯೂಸರ್ ಇಟ್ಟುಕೊಂಡು ಸ್ಟೇಟ್ ಆಬ್ಸೆಂಟ್ ಮಾಡಿ ಎಲ್ಲ ಸರ್ವರ್‌ಗಳಲ್ಲಿ ಓಡಿಸಿ. ಆಫ್ ಆಗಿದ್ದ ಸರ್ವರ್ ಆ ದಿನ ತಪ್ಪಿಸಿಕೊಂಡಿರಬಹುದು, ಹಾಗಾಗಿ ಕೆಲವು ವಾರ ಹಾಗೇ ಬಿಟ್ಟು ಆಮೇಲೆ ಟಾಸ್ಕ್ ಅಳಿಸಿ. ಬೇರೆಯವರು ಕೈಯಲ್ಲಿ ಸೇರಿಸಿದ ಸಾಲುಗಳು ಆನ್ಸಿಬಲ್‌ನ ಕಣ್ಣಿಗೆ ಬೀಳುವುದಿಲ್ಲ. ಅದಕ್ಕೆ ವಾರಕ್ಕೊಮ್ಮೆ ಎಲ್ಲ ಸರ್ವರ್‌ಗಳ ‘ಕ್ರಾನ್‌ಟ್ಯಾಬ್ -ಎಲ್’ ಸಂಗ್ರಹಿಸಿ, ‘#ಆನ್ಸಿಬಲ್:’ ಗುರುತಿಲ್ಲದ ಸಾಲುಗಳನ್ನು ಬೇರ್ಪಡಿಸಿ. ಪ್ರತಿಯೊಂದನ್ನೂ ಬರೆದವರನ್ನು ಕೇಳಿ, ಬೇಕಾದದ್ದನ್ನು ರೆಪೊಗೆ ತನ್ನಿ, ಬೇಡದ್ದನ್ನು ಅವರ ಕೈಯಿಂದಲೇ ತೆಗೆಸಿ.