ಚಪ್ಪಲಿಯ ಅರ್ಜಿ ವಜಾ ಆಯಿತು, ಇಂಡಿ ಲಿಂಬೆಯ ಗತಿಯೇನು?

ಪ್ರಶ್ನೆ: ಇಟಲಿಯ ಫ್ಯಾಷನ್ ಕಂಪನಿ ಪ್ರಾಡಾ ಕೊಲ್ಹಾಪುರಿ ಚಪ್ಪಲಿಯನ್ನು ನಕಲು ಮಾಡಿದೆ ಎಂಬ ಅರ್ಜಿಯನ್ನು ಬಾಂಬೆ ಹೈಕೋರ್ಟ್ ವಜಾ ಮಾಡಿತಂತೆ. ಹಾಗಾದರೆ ಜಿಐ (ಭೌಗೋಳಿಕ ಸೂಚಕ) ಟ್ಯಾಗ್ ಇದ್ದೂ ಏನು ಬಂತು? ನಮ್ಮ ಇಂಡಿ ಲಿಂಬೆಗೂ ನಾಳೆ ಇದೇ ಗತಿಯೇ?
– ಒಬ್ಬ ಲಿಂಬೆ ಬೆಳೆಗಾರ, ಸಿಂದಗಿ ತಾಲ್ಲೂಕು

ಉತ್ತರ: ಅರ್ಜಿ ವಜಾ ಆದದ್ದು ನಿಜ. ಆದರೆ ಚಪ್ಪಲಿ ಮಾಡುವವರಿಗೆ ಹಕ್ಕಿಲ್ಲ ಎಂದು ಕೋರ್ಟ್ ಹೇಳಿಲ್ಲ. ಆ ಹಕ್ಕನ್ನು ಹಿಡಿದು ಬಾಗಿಲಿಗೆ ಬಂದವರು ಬೇರೆಯವರು ಎಂದಿತು, ಅಷ್ಟೇ. ಈ ವ್ಯತ್ಯಾಸ ನಿಮ್ಮ ಲಿಂಬೆಗೂ ಸಂಬಂಧಿಸಿದ್ದು.

2025ರ ಜೂನ್‌ನಲ್ಲಿ ಮಿಲಾನ್‌ನ ಫ್ಯಾಷನ್ ಷೋನಲ್ಲಿ ಪ್ರಾಡಾ ಕೊಲ್ಹಾಪುರಿಯನ್ನೇ ಹೋಲುವ ಚಪ್ಪಲಿಗಳನ್ನು ತೋರಿಸಿತು. ಮೊದಲು ಅವನ್ನು ಬರೀ ಚರ್ಮದ ಸ್ಯಾಂಡಲ್ ಎಂದು ಕರೆದಿತ್ತು. ಇಲ್ಲಿ ಸಿಟ್ಟು ಎದ್ದ ಮೇಲೆ, ಭಾರತದ ಕೈಕಸುಬಿನಿಂದ ಪ್ರೇರಣೆ ಪಡೆದದ್ದು ಎಂದು ಒಪ್ಪಿಕೊಂಡಿತು. ಕೆಲವು ವಕೀಲರು ಸಾರ್ವಜನಿಕ ಹಿತಾಸಕ್ತಿ ಅರ್ಜಿ ಹಾಕಿದರು. ಜುಲೈ 16ರಂದು ಮುಖ್ಯ ನ್ಯಾಯಮೂರ್ತಿ ಅಲೋಕ್ ಆರಾಧೆ ಮತ್ತು ನ್ಯಾಯಮೂರ್ತಿ ಸಂದೀಪ್ ಮಾರ್ನೆ ಅವರ ಪೀಠ ಅದನ್ನು ತಳ್ಳಿಹಾಕಿತು. ಜಿಐ ಕಾಯ್ದೆಯಲ್ಲಿ ದಾವೆ ಹೂಡುವ ಹಕ್ಕು ಇರುವುದು ನೋಂದಣಿ ಮಾಡಿಸಿದ ಸಂಸ್ಥೆಗೆ ಮತ್ತು ರಿಜಿಸ್ಟರಿನಲ್ಲಿ ಅಧಿಕೃತ ಬಳಕೆದಾರ ಎಂದು ಹೆಸರು ಸೇರಿಸಿಕೊಂಡವರಿಗೆ. ಅವರೇ ಬರಬಹುದು, ಸಾಕ್ಷ್ಯ ಇಟ್ಟು ವಾದಿಸಬಹುದು ಎಂಬುದು ಪೀಠದ ನಿಲುವು.

ಕೊಲ್ಹಾಪುರಿ ಚಪ್ಪಲಿಯ ನೋಂದಣಿ ಎರಡು ಸರ್ಕಾರಿ ಚರ್ಮೋದ್ಯಮ ನಿಗಮಗಳ ಹೆಸರಿನಲ್ಲಿದೆ: ಮಹಾರಾಷ್ಟ್ರದ ಲಿಡ್ಕಾಂ ಮತ್ತು ನಮ್ಮ ಲಿಡ್ಕರ್. ಜಿಲ್ಲೆಗಳು ಎಂಟು. ಆ ಕಡೆ ಕೊಲ್ಹಾಪುರ, ಸಾಂಗಲಿ, ಸಾತಾರಾ, ಸೊಲ್ಲಾಪುರ. ಈ ಕಡೆ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ. ಅಂದರೆ ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯಲ್ಲಿ ಈ ಚಪ್ಪಲಿ ಮಾಡುವ ಸಮಗಾರರೂ ಆ ಹೆಸರಿಗೆ ಹಕ್ಕುದಾರರಾಗಬಲ್ಲರು. ಹೆಸರಿನಲ್ಲಿ ಕೊಲ್ಹಾಪುರ ಇದೆ ಎಂದು ನಾವೇ ಅದನ್ನು ಗಡಿಯಾಚೆಗೆ ಬಿಟ್ಟುಕೊಟ್ಟು ಕೂತಿದ್ದೇವೆ. ಬಾಗೇವಾಡಿಯಲ್ಲಿ ಹುಟ್ಟಿದ ಬಸವಣ್ಣನಿಗೆ ತಮ್ಮ ತೊಡೆಯ ಚರ್ಮದಿಂದ ಚಮ್ಮಾವುಗೆ ಹೊಲಿದ ಹರಳಯ್ಯ, ಕಲ್ಯಾಣಮ್ಮನವರ ಕಥೆಯನ್ನು ತಲೆತಲಾಂತರದಿಂದ ಹೇಳಿಕೊಂಡು ಬಂದ ಸೀಮೆ ಇದು. ಈ ಕಸುಬು ಇನ್ನೊಬ್ಬರದು ಎಂದು ಸುಮ್ಮನಿರುವುದು ನನಗಂತೂ ಸರಿ ಕಾಣುವುದಿಲ್ಲ.

ಹಕ್ಕುದಾರರೇ ಕೋರ್ಟಿಗೆ ಹೋಗಿದ್ದರೂ ಗೆಲುವು ಸುಲಭವಿರಲಿಲ್ಲ ಎಂದು ನನ್ನ ಅಂದಾಜು. ಜಿಐ ಕಾಯುವುದು ಮುಖ್ಯವಾಗಿ ಹೆಸರನ್ನು. ಚಪ್ಪಲಿಯ ಆಕಾರ, ಹೆಣಿಗೆ, ಉಂಗುಟದ ಪಟ್ಟಿ ಇವೆಲ್ಲ ಅದರ ಕೈಗೆ ನೇರವಾಗಿ ಸಿಗುವುದಿಲ್ಲ. ಪ್ರಾಡಾ ಕೊಲ್ಹಾಪುರಿ ಎಂಬ ಹೆಸರನ್ನು ಬಳಸಿಯೇ ಇರಲಿಲ್ಲ. ಪೇಟೆಂಟೂ ಇಲ್ಲಿ ನೆರವಿಗೆ ಬಾರದು. ತಲೆಮಾರುಗಳಿಂದ ಎಲ್ಲರಿಗೂ ಗೊತ್ತಿರುವ ಕೆಲಸ ಹೊಸ ಆವಿಷ್ಕಾರ ಆಗುವುದಿಲ್ಲ.

ಆದರೂ ಟ್ಯಾಗ್ ವ್ಯರ್ಥವಾಗಲಿಲ್ಲ. ಅದೇ ವರ್ಷ ಡಿಸೆಂಬರ್‌ನಲ್ಲಿ ಪ್ರಾಡಾ ಒಪ್ಪಂದಕ್ಕೆ ಬಂತು: ಸುಮಾರು 2,000 ಜೊತೆ ಚಪ್ಪಲಿ, ಮಹಾರಾಷ್ಟ್ರ ಮತ್ತು ಕರ್ನಾಟಕದಲ್ಲೇ ತಯಾರಿಕೆ, ಬೆಲೆ ಒಂದು ಜೊತೆಗೆ ಸುಮಾರು 800 ಯೂರೋ. ಸಹಿ ಹಾಕಿದ್ದು ಯಾರ ಜೊತೆ? ರಿಜಿಸ್ಟರಿನಲ್ಲಿ ಹೆಸರಿರುವ ಲಿಡ್ಕಾಂ ಮತ್ತು ಲಿಡ್ಕರ್ ಜೊತೆ. ಆ 800 ಯೂರೋದಲ್ಲಿ ಹೊಲಿದವನ ಕೈಗೆ ಎಷ್ಟು ಬರುತ್ತದೆ ಎಂದು ನಾವು ಕೇಳುತ್ತಲೇ ಇರಬೇಕು.

ಇನ್ನು ನಿಮ್ಮ ಲಿಂಬೆ. ಇಂಡಿ ಲಿಂಬೆಗೆ 2023ರಲ್ಲಿ ಜಿಐ ಸಿಕ್ಕಿತು. 2025ರಲ್ಲಿ ಕೃಷಿ ರಫ್ತನ್ನು ಉತ್ತೇಜಿಸುವ ಕೇಂದ್ರ ಸಂಸ್ಥೆ ಅಪೆಡಾದ ನೆರವಿನಿಂದ ಯುಎಇಗೂ ಬ್ರಿಟನ್‌ಗೂ ಈ ಹೆಸರಿನಲ್ಲೇ ಲಿಂಬೆ ಹೋಯಿತು. ಚಪ್ಪಲಿಗಿಂತ ನಿಮ್ಮ ಸ್ಥಿತಿ ಗಟ್ಟಿ, ಏಕೆಂದರೆ ಲಿಂಬೆ ಮಾರುಕಟ್ಟೆಯಲ್ಲಿ ಮೋಸ ನಡೆದರೆ ಹೆಸರಿನಲ್ಲೇ ನಡೆಯುತ್ತದೆ. ಬೇರೆ ಕಡೆಯ ಕಾಯಿ ತುಂಬಿದ ಚೀಲದ ಮೇಲೆ ಇಂಡಿ ಲಿಂಬೆ ಎಂದು ಬರೆದು ಮಾರಿದರೆ ಅದು ನೇರ ಉಲ್ಲಂಘನೆ. ಆದರೆ ಅದನ್ನು ಪ್ರಶ್ನಿಸಿ ಕೋರ್ಟಿಗೆ ಹೋಗಲು ನಿಮ್ಮ ಹೆಸರು ಚೆನ್ನೈನ ಜಿಐ ರಿಜಿಸ್ಟ್ರಿಯಲ್ಲಿ, ರಿಜಿಸ್ಟರಿನ ಬಿ ಭಾಗದಲ್ಲಿ ಇರಬೇಕು. ಅಧಿಕೃತ ಬಳಕೆದಾರರ ಅರ್ಜಿ ಶುಲ್ಕ ಮೊದಲು 500 ರೂಪಾಯಿ ಇತ್ತು. 2020ರಲ್ಲಿ ಅದನ್ನು 10 ರೂಪಾಯಿಗೆ ಇಳಿಸಿದ್ದಾರೆ. ನೋಂದಣಿಯ ಜೊತೆ ಪ್ರದೇಶದ ನಕಾಶೆ ಇರುತ್ತದೆ. ನಿಮ್ಮ ತೋಟ ಅದರೊಳಗೆ ಬರುತ್ತದೆಯೇ ಎಂದು ಇಂಡಿಯಲ್ಲಿರುವ ಲಿಂಬೆ ಅಭಿವೃದ್ಧಿ ಮಂಡಳಿಯ ಕಚೇರಿಯಲ್ಲಿ ಮೊದಲು ವಿಚಾರಿಸಿ, ಪಹಣಿ ಜೊತೆಗಿರಲಿ. ಒಬ್ಬೊಬ್ಬರೇ ಓಡಾಡುವ ಬದಲು ಊರಿನ ಬೆಳೆಗಾರರೆಲ್ಲ ಒಟ್ಟಿಗೆ ಅರ್ಜಿ ಕೊಟ್ಟರೆ ಕೆಲಸ ಹಗುರ.

ಉಪ್ಪಿನಕಾಯಿ ಮಾಡಿ ಮಾರುವ ಯೋಚನೆ ಇದ್ದರೆ ಅದಕ್ಕೆ ಬೇರೆ ಟ್ರೇಡ್‌ಮಾರ್ಕ್ ಬೇಕು. ಇಂಡಿ ಲಿಂಬೆ ಎಂಬುದನ್ನೇ ನಿಮ್ಮೊಬ್ಬರ ಮಾರ್ಕ್ ಮಾಡಿಕೊಳ್ಳಲು ಕಾಯ್ದೆ ಬಿಡುವುದಿಲ್ಲ, ಆ ಹೆಸರನ್ನು ಮಾರುವಂತಿಲ್ಲ, ಒತ್ತೆ ಇಡುವಂತೆಯೂ ಇಲ್ಲ. ಮಾರ್ಕ್ ಆರಿಸುವಾಗ ದೇವರ ಹೆಸರು, ಹಸುವಿನ ಹೆಸರು ಬೇಡ ಎಂಬುದು ನನ್ನ ಸಲಹೆ. ಕರ್ನಾಟಕ ಹಾಲು ಮಹಾಮಂಡಳಿ (ಕೆಎಂಎಫ್) 1985ರಿಂದ ನಂದಿನಿ ಹೆಸರಿನಲ್ಲಿ ಹಾಲು ಮಾರುತ್ತಿದೆ. ಬೆಂಗಳೂರಿನ ನಂದಿನಿ ಡಿಲಕ್ಸ್ ಹೋಟೆಲು 1989ರಿಂದ ಅದೇ ಹೆಸರು ಬಳಸುತ್ತಿತ್ತು. ಪ್ರಕರಣ ಸುಪ್ರೀಂ ಕೋರ್ಟಿನವರೆಗೆ ಹೋಗಿ 2018ರ ಜುಲೈ 26ರಂದು ಹೋಟೆಲಿನ ಪರವಾಗಿ ತೀರ್ಮಾನವಾಯಿತು. ನಂದಿನಿ ಎಲ್ಲರ ಬಾಯಲ್ಲಿರುವ ಪುರಾಣದ ಹೆಸರು, ಸರಕುಗಳೂ ಬೇರೆ, ಚಿಹ್ನೆಯ ರೂಪವೂ ಬೇರೆ ಎಂದು ಕೋರ್ಟ್ ಹೇಳಿತು. ಹಾಲು ಮತ್ತು ಹಾಲಿನ ಉತ್ಪನ್ನಗಳನ್ನು ಮಾತ್ರ ಹೋಟೆಲು ಬಿಟ್ಟುಕೊಡಬೇಕಾಯಿತು. ನೀವು ಹೊಸದಾಗಿ ಕಟ್ಟಿದ ಹೆಸರು ಇಟ್ಟುಕೊಂಡರೆ ಇಂಥ ಜಗಳದಲ್ಲಿ ನಿಮ್ಮ ಕೈ ಮೇಲಾಗುತ್ತದೆ. ಟ್ರೇಡ್‌ಮಾರ್ಕನ್ನೂ ಜಿಐಯನ್ನೂ ಹತ್ತು ವರ್ಷಕ್ಕೊಮ್ಮೆ ನವೀಕರಿಸಬೇಕು. ಇಂಡಿ ಲಿಂಬೆಗೆ ಆ ಗಡುವು ಬರುವ ಮೊದಲೇ ರಿಜಿಸ್ಟರಿನ ಬಿ ಭಾಗದಲ್ಲಿ ಅರ್ಹ ಬೆಳೆಗಾರರೆಲ್ಲರ ಹೆಸರು ಇರಲಿ.